ದಿಂಬಕ್ಕನ ಒಂದು ನಿಮಿಷ

ಆ ವರ್ಷದ ಮಹಿಳಾ ಹಾಕಿ ಲೀಗಿನಲ್ಲಿ ಅತಿ ಹೆಚ್ಚು ಚೆಂಡು ತಡೆದ ಗೋಲ್‌ಕೀಪರ್ ಯಾರೆಂದು ಪತ್ರಿಕೆಯವರನ್ನು ಕೇಳಿದರೆ ಅವರು ಇನ್ಯಾರದೋ ಹೆಸರು ಹೇಳಿಬಿಡುತ್ತಾರೆ. ಶುದ್ಧ ಸುಳ್ಳು. ಅತಿ ಹೆಚ್ಚು ತಡೆದವಳು ನಮ್ಮ ಮೇಲಿನ ಮಹಡಿಯ ದಿಂಬಕ್ಕ. ಭೂಮಿಯ ಮೇಲೆ ಹುಟ್ಟಿದವರಿಗೆಲ್ಲ ತಲೆಗೊಂದರಂತೆ ಹಂಚಿ, ಇನ್ನು ಹುಟ್ಟಬೇಕಾದವರಿಗೂ ಎತ್ತಿಡುವಷ್ಟು ಚೆಂಡುಗಳನ್ನು ಅವಳು ತಡೆದಿದ್ದಾಳೆ. ತೊಡಕು ಒಂದೇ. ಅಷ್ಟನ್ನೂ ತಡೆದದ್ದು ಆಟ ಶುರುವಾಗುವ ಮೊದಲು.

ಅವಳು ತಂಡದ ಎರಡನೇ ಗೋಲ್‌ಕೀಪರ್. ಹಾಕಿಯಲ್ಲಿ ಎರಡನೇ ಗೋಲ್‌ಕೀಪರ್ ಎಂದರೆ ಕಾರಿನ ಹಿಂಬದಿಯಲ್ಲಿ ಮಲಗಿರುವ ಐದನೇ ಚಕ್ರದ ಹಾಗೆ. ಇಲ್ಲದೆ ಹೊರಡುವಂತಿಲ್ಲ, ಇದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಮೊದಲನೆಯವಳ ಕೈಕಾಲಿಗೆ ಪೆಟ್ಟಾಗಬಾರದೆಂದು ಅಭ್ಯಾಸದ ಬಿರುಸು ಹೊಡೆತಗಳನ್ನೆಲ್ಲ ಎರಡನೆಯವಳ ಮೈಮೇಲೆಯೇ ಹೊಡೆಯುತ್ತಾರೆ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಪಂದ್ಯದ ದಿನ ಮೈ ಬಿಸಿ ಮಾಡಿಕೊಳ್ಳುವುದಕ್ಕೆ ಇನ್ನೊಂದು ಸುತ್ತು. ಶಿಳ್ಳೆ ಊದಿ ಆಟ ಶುರುವಾಯಿತೋ, ಅವಳು ಹೋಗಿ ಬೆಂಚಿನ ಮೇಲೆ ಕೂರಬೇಕು. ಅದೂ ಪೂರ್ತಿ ಕವಚ ತೊಟ್ಟುಕೊಂಡೇ, ಯಾಕೆಂದರೆ ಯಾವ ಗಳಿಗೆಯಲ್ಲಾದರೂ ಕರೆ ಬರಬಹುದು. ದಿಂಬಕ್ಕನಿಗೆ ಆ ಕರೆ ಬರುತ್ತಲೇ ಇತ್ತು, ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು.

ಕವಚವೆಂದರೆ ಸಾಮಾನ್ಯ ಕವಚವಲ್ಲ. ಕಾಲಿಗೆ ಹಾಸಿಗೆಯಷ್ಟು ದಪ್ಪದ ಪ್ಯಾಡು, ಪಾದಕ್ಕೆ ಪುಟ್ಟ ದೋಣಿಯಂಥ ಕಿಕ್ಕರು, ಎದೆಗೊಂದು ತೊಟ್ಟಿಲಿನಷ್ಟು ಪಟ್ಟಿ, ತಲೆಗೆ ಪಂಜರವಿರುವ ಹೆಲ್ಮೆಟ್ಟು. ಎಲ್ಲ ಹಾಕಿಕೊಂಡು ನಿಂತರೆ ಮನುಷ್ಯರ ಆಕಾರ ಹೋಗಿ ಗಾಡಿಯಿಂದ ಇಳಿಸಿದ ದಿಂಬಿನ ರಾಶಿಯ ಹಾಗೆ ಕಾಣುತ್ತಾರೆ. ತಂಡದ ಹುಡುಗಿಯರು ಅವಳಿಗೆ ದಿಂಬಕ್ಕ ಎಂದು ಹೆಸರಿಟ್ಟದ್ದು ಆ ಕಾರಣಕ್ಕೆ. ಹೆಸರು ಮನೆಗೂ ಬಂತು, ಬೀದಿಗೂ ಇಳಿಯಿತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಮತದಾರರ ಗುರುತಿನ ಚೀಟಿಗೆ ಮಾತ್ರ ಗೊತ್ತು.

ಆ ಕವಚ ಬೆವರು ಕುಡಿದರೆ ಬರುವ ವಾಸನೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವಳು ಅದನ್ನು ಬಾಲ್ಕನಿಯಲ್ಲಿ ಒಣಹಾಕಿದ ದಿನ ನಮ್ಮ ಬೀದಿಯ ಮೇಲೆ ಹಾರುವ ಹಕ್ಕಿಗಳು ಪಕ್ಕದ ಬೀದಿಯಿಂದ ಸುತ್ತಿ ಹೋಗುತ್ತಿದ್ದವು. ಎದುರುಮನೆಯಲ್ಲಿ ಮೂಗು ಕಟ್ಟಿ ಹತ್ತು ವರ್ಷದಿಂದ ಬಾಯಲ್ಲೇ ಉಸಿರಾಡುತ್ತಿದ್ದ ಮುದುಕರಿಗೆ ಒಂದೇ ಮಧ್ಯಾಹ್ನಕ್ಕೆ ಮೂಗು ಬಿಟ್ಟುಕೊಂಡಿತು. ಅವರು ಕೃತಜ್ಞತೆ ಹೇಳಲು ಮೆಟ್ಟಿಲು ಹತ್ತಿ ಬಂದವರು ಅರ್ಧಕ್ಕೇ ನಿಂತು, ಅಲ್ಲಿಂದಲೇ ಕೈ ಮುಗಿದು ಇಳಿದು ಹೋದರು.

ಹೊಟ್ಟೆಪಾಡಿಗೆ ದಿಂಬಕ್ಕ ಕಾರು ಕಲಿಸುತ್ತಿದ್ದಳು. ಅವಳ ಅಣ್ಣನ ಡ್ರೈವಿಂಗ್ ಶಾಲೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಬಾಗಿಲಲ್ಲಿ ಒಂದು ಬಿಳಿ ಕಾರು. ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು. ಕಲಿಯುವವರು ಯಾವುದನ್ನು ಗುದ್ದಲು ಹೊರಟರೂ ಅವಳು ಕೂಗುತ್ತಿರಲಿಲ್ಲ, ಬಲಗಾಲನ್ನು ಮೆಲ್ಲಗೆ ಒತ್ತುತ್ತಿದ್ದಳು ಅಷ್ಟೆ. ಕಾರು ನಿಲ್ಲುತ್ತಿತ್ತು. "ಪರವಾಗಿಲ್ಲ ಮರಿ, ಇನ್ನೊಂದ್ಸಲ" ಎನ್ನುತ್ತಿದ್ದಳು. ಅವಳ ಹತ್ತಿರ ಕಲಿತವರಲ್ಲಿ ಬ್ಯಾಂಕಿನ ಮ್ಯಾನೇಜರೂ ಇದ್ದರು, ಹಲ್ಲಿನ ಡಾಕ್ಟರೂ ಇದ್ದರು, ಎಲ್ಲರೂ ಅವಳಿಗೆ ಮರಿಗಳೇ.

ಮೈದಾನದಲ್ಲೂ ಅವಳದು ಅದೇ ಧಾಟಿ. ಬೇರೆ ಕೀಪರುಗಳು ಅಭ್ಯಾಸದಲ್ಲಿ ಚೆಂಡು ತಡೆದು ಎಲ್ಲಿಗಾದರೂ ಒದೆಯುತ್ತಾರೆ, ಹೊಡೆದ ಹುಡುಗಿ ಓಡಿಹೋಗಿ ಹೆಕ್ಕಿ ತರಬೇಕು. ದಿಂಬಕ್ಕ ಹಾಗಲ್ಲ. ಎಷ್ಟೇ ಬಿರುಸಿನ ಚೆಂಡು ಬರಲಿ, ಪ್ಯಾಡಿನಲ್ಲಿ ಅದರ ಸೊಕ್ಕಡಗಿಸಿ, ಕಿಕ್ಕರಿನ ಒಳಬದಿಯಿಂದ ನಯವಾಗಿ ನೂಕಿ, ಹೊಡೆದವಳ ಸ್ಟಿಕ್ಕಿನ ತುದಿಗೇ ತಲುಪಿಸುತ್ತಿದ್ದಳು. ಜೊತೆಗೆ "ಇನ್ನೊಂದು!" ಎಂಬ ಉತ್ತೇಜನ. ಹುಡುಗಿಯರು ಬಗ್ಗಬೇಕಿಲ್ಲ, ಅಲುಗಬೇಕಿಲ್ಲ, ಚೆಂಡು ಮನೆಬಾಗಿಲಿಗೇ ಬರುತ್ತಿತ್ತು. ಈ ಉಪಕಾರದಿಂದ ತಂಡದ ಅಭ್ಯಾಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು, ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಅವಳನ್ನು ಆಡಿಸುವ ವಿಚಾರ ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ.

ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವನು. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡಿ, ತಾನು ಮಾತ್ರ ಹಾಕಿ ಪಂದ್ಯದಲ್ಲಿ ಚೆಂಡು ಗೋಲಿನ ಹತ್ತಿರ ಬಂದೊಡನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೆಂಡತಿ ಬೆಂಚಿನ ಮೇಲೆ ಕೂತಿದ್ದರೂ ಸರಿ, ಮುಚ್ಚುವುದೇ. ಅತ್ತೆ ಅವನಿಗೆ ತದ್ವಿರುದ್ಧ. ಪಂದ್ಯದ ದಿನ ಆಕೆ ಇಡೀ ಕಟ್ಟಡದ ಜನರನ್ನು ಕರೆದು ಟಿವಿಯ ಮುಂದೆ ಕೂರಿಸಿ, ಚಹಾ ಕೊಟ್ಟು, ಪರದೆಯ ಮೂಲೆಗೆ ಬೆರಳು ತೋರಿಸುತ್ತಿದ್ದರು. "ಅಗೋ, ನೀರಿನ ಡಬ್ಬದ ಪಕ್ಕ ಕಾಣ್ತಲ್ಲ, ಅದು ನಮ್ಮ ಸೊಸೆ ಮೊಣಕೈ." ನಾವೆಲ್ಲ ಆ ಮೊಣಕೈಯನ್ನು ಬಹಳ ಹೊಗಳುತ್ತಿದ್ದೆವು.

ಆ ಸೀಸನ್ನಿಗೆ ಲೀಗಿನವರು ಹೊಸದೊಂದು ನಿಯಮ ತಂದರು. ಇಡೀ ಸೀಸನ್ನಿನಲ್ಲಿ ಒಂದು ನಿಮಿಷವೂ ಆಡದ ಆಟಗಾರ್ತಿಯನ್ನು ಮುಂದಿನ ವರ್ಷಕ್ಕೆ ತಂಡ ಉಳಿಸಿಕೊಳ್ಳುವ ಹಾಗಿಲ್ಲ. ದೊಡ್ಡ ತಂಡಗಳು ಚಿಕ್ಕ ಚಿಕ್ಕ ಹುಡುಗಿಯರನ್ನು ತಂದು ಬೆಂಚಿನಲ್ಲಿ ಕೂರಿಸಿ ಬಾಡಿಸುತ್ತಿವೆ, ಅವರಿಗೆ ನ್ಯಾಯ ಸಿಗಲಿ ಎನ್ನುವ ಒಳ್ಳೆಯ ಉದ್ದೇಶ. ನಿಯಮ ಬಂದದ್ದೇ ತಡ, ಎಲ್ಲ ತಂಡಗಳೂ ಚಿಕ್ಕ ಹುಡುಗಿಯರಿಗೆಲ್ಲ ಒಂದೊಂದು ನಿಮಿಷ ಕೊಟ್ಟು ಕೈತೊಳೆದುಕೊಂಡವು. ಇಡೀ ಲೀಗಿನಲ್ಲಿ ನಿಯಮದ ಬಲೆಗೆ ಬಿದ್ದ ಏಕೈಕ ಮೀನು, ಮೂವತ್ತು ದಾಟಿದ ನಮ್ಮ ದಿಂಬಕ್ಕ. ಆ ವಯಸ್ಸಿಗೆ, ಆಡಿದ ದಾಖಲೆಯೇ ಇಲ್ಲದ ಕೀಪರನ್ನು ಬೇರೆ ಯಾವ ತಂಡ ಕರೆಯುತ್ತದೆ? ಒಂದು ನಿಮಿಷ ಸಿಕ್ಕರೆ ಹಾಕಿ ಉಂಟು, ಇಲ್ಲದಿದ್ದರೆ ಬಿಳಿ ಕಾರು, ಎರಡನೇ ಬ್ರೇಕು, ಅಷ್ಟೇ.

ಒಂದು ನಿಮಿಷ ಯಾವ ಮಹಾ ಎಂದು ನೀವು ಕೇಳಬಹುದು. ನಾವೂ ಕೇಳಿದೆವು. ಆದರೆ ಅವಳ ಮುಂದೆ ನಿಂತಿದ್ದವಳು ಕೋಟೆ.

ಕೋಟೆ ಎಂಬುದು ಪತ್ರಿಕೆಯವರು ಮೊದಲನೇ ಗೋಲ್‌ಕೀಪರಿಗೆ ಕೊಟ್ಟ ಬಿರುದು. ಆ ಹುಡುಗಿಯ ಆರೋಗ್ಯ ಎಂಥದೆಂದರೆ, ನೆಗಡಿ ಕೂಡ ಅವಳ ಬಳಿಗೆ ಬರುವ ಮೊದಲು ಅನುಮತಿ ಕೇಳಬೇಕು. ಚೆಂಡು ಬಡಿದರೆ ಊದಿಕೊಳ್ಳುತ್ತಿದ್ದದ್ದು ಚೆಂಡು. ಇಡೀ ಸೀಸನ್ನಿನಲ್ಲಿ ಅವಳಿಗೆ ಒಮ್ಮೆ ಮಾತ್ರ ಮೈ ಬೆಚ್ಚಗಾಯಿತು. ಅದೂ ಪರಊರಿನ ಪಂದ್ಯಕ್ಕೆ ಹೋದಾಗ, ದಿಂಬಕ್ಕನ ಜೊತೆ ಒಂದೇ ಕೋಣೆಯಲ್ಲಿ ಇಳಿದುಕೊಂಡಿದ್ದಾಗ. ಅದೃಷ್ಟ ತಾನಾಗಿ ಹಾಸಿಗೆಯ ಪಕ್ಕ ಬಂದು ಮಲಗಿತ್ತು. ದಿಂಬಕ್ಕ ಏನು ಮಾಡಿದಳು? ಒದ್ದೆ ಬಟ್ಟೆ ಹಾಕಿದಳು, ಮಾತ್ರೆ ನುಂಗಿಸಿದಳು, ಗಂಜಿ ಕುಡಿಸಿದಳು, ಕಾಲು ಒತ್ತಿದಳು. ಬೆಳಗಾಗುವಷ್ಟರಲ್ಲಿ ಕೋಟೆ ಮೊದಲಿಗಿಂತ ಗಟ್ಟಿಯಾಗಿ ಎದ್ದು ಕೂತು ಎರಡು ಆಮ್ಲೆಟ್ ಕೇಳಿದಳು.

ಈ ಸುದ್ದಿ ಫೋನಿನಲ್ಲಿ ಕೇಳಿದ ಅತ್ತೆ ಹಣೆ ಹಣೆ ಚಚ್ಚಿಕೊಂಡರು.

"ಅಲ್ವೇ, ಆ ಹುಡುಗಿ ಒಂದಿನ ಮಲಗಿದ್ರೆ ಏನು ಭೂಮಿ ಬಾಯಿ ಬಿಡ್ತಿತ್ತಾ? ನನಗೆ ಮಂಡಿನೋವು ಅಂದ್ರೆ ಎಣ್ಣೆ ಎಲ್ಲಿದೆ ಅಂತ ನನ್ನನ್ನೇ ಕೇಳ್ತೀಯ. ಅವಳಿಗೆ ಮಾತ್ರ ಕಾಲು ಒತ್ತಿದ್ಯಾ?"

"ಪಾಪ, ಚಿಕ್ಕ ಹುಡುಗಿ ಅತ್ತೆ. ಅಮ್ಮನ್ನ ನೆನೆಸ್ಕೊಂಡು ಅಳ್ತಿದ್ದಳು."

"ಅಳ್ಲಿ. ನಾಳೆ ನೀನು ಅಳೋವಾಗ ಅವಳ ಅಮ್ಮ ಬರ್ತಾರಾ ನೋಡೋಣ."

ಕೋಚ್ ಮೇಡಂ ಕೆಟ್ಟವರಲ್ಲ. ಮಾತು ಕಡಿಮೆ. ದಿನಕ್ಕೆ ಇಷ್ಟೇ ಮಾತು ಎಂದು ಮನೆಯಿಂದ ಎಣಿಸಿ ತಂದವರ ಹಾಗೆ ಇರುತ್ತಿದ್ದರು. ಅವರು ದಿಂಬಕ್ಕನಿಗೆ ಮಾತು ಕೊಟ್ಟಿದ್ದರು: ಯಾವ ಪಂದ್ಯದಲ್ಲಿ ಮೂರು ಗೋಲಿನ ಮುನ್ನಡೆ ಸಿಗುತ್ತದೋ ಆ ಪಂದ್ಯದಲ್ಲಿ ಇಳಿಸುತ್ತೇನೆ. ಪಾಪ ಅವರಿಗೆ ತಮ್ಮ ತಂಡದ ಗುಣ ಗೊತ್ತಿರಲಿಲ್ಲ. ಈ ತಂಡ ಗೆದ್ದರೆ ಒಂದು ಗೋಲಿನಿಂದ ಗೆಲ್ಲುತ್ತಿತ್ತು, ಸೋತರೂ ಒಂದೇ ಗೋಲಿನಿಂದ ಸೋಲುತ್ತಿತ್ತು. ಒಂದೇ ಒಂದು ಪಂದ್ಯದಲ್ಲಿ, ಅದು ಹೇಗೋ, ಮೂರು ಗೋಲು ಮುಂದಾಯಿತು. ಮೇಡಂ ತಿರುಗಿ ಬೆಂಚಿನ ಕಡೆ ನೋಡಿದರು. ದಿಂಬಕ್ಕ ಹೆಲ್ಮೆಟ್ ಎತ್ತಿಕೊಂಡಳು. ಅವಳು ಗಲ್ಲದ ಪಟ್ಟಿ ಬಿಗಿಯುವಷ್ಟರಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು. ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು. ಮೇಡಂ ಮುಖ ಆ ಕಡೆ ತಿರುಗಿಸಿಕೊಂಡರು. ದಿಂಬಕ್ಕ ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಟಿವಿಯಲ್ಲಿ ನಮಗೆ ಮೊಣಕೈ ಮಾತ್ರ ಕಂಡಿತು, ಆದರೆ ಆ ಮೊಣಕೈ ಸಪ್ಪೆಯಾಗಿತ್ತು ಎಂದು ಅತ್ತೆ ಗುರುತು ಹಿಡಿದರು.

ಹೀಗೆ ದಿನ ಸವೆದು, ಲೀಗಿನ ಕೊನೆಯ ಪಂದ್ಯ ಬಂತು. ಇದರಲ್ಲಿ ಕಡೇಪಕ್ಷ ಸಮಬಲ ಸಾಧಿಸಿದರೆ ತಂಡ ನಾಲ್ಕರ ಘಟ್ಟಕ್ಕೆ ಹೋಗುತ್ತದೆ. ಸೋತರೆ ಸೀಸನ್ ಅಲ್ಲಿಗೆ ಮುಗಿಯಿತು. ಎದುರಿಗೆ ಕೆಂಪು ಅಂಗಿಯ ತಂಡ, ಅದರಲ್ಲಿ ಉದ್ದ ಜಡೆಯ ಒಬ್ಬ ಹೊಡೆತಗಾರ್ತಿ. ಅವಳ ಹೊಡೆತಕ್ಕೆ ಚೆಂಡು ಸಿಡಿದು ಹೋಗುವ ಸದ್ದು ಪಂದ್ಯ ಮುಗಿದು ಪ್ರೇಕ್ಷಕರು ಮನೆ ಸೇರಿದ ಮೇಲೆ ಕೇಳಿಸುತ್ತಿತ್ತು ಎನ್ನುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಬಸ್ ಹತ್ತುವಾಗ ಕೇಳಿಸಿದ್ದರೆ ನಂಬುತ್ತೇನೆ.

ಪಂದ್ಯ ಬಿಗಿಯಾಗಿಯೇ ನಡೆಯಿತು. ಕೊನೆಯ ಕಾಲುಭಾಗಕ್ಕೆ ನಮ್ಮವರು ಎರಡು, ಕೆಂಪಿನವರು ಒಂದು. ಇಂಥ ಸ್ಥಿತಿಯಲ್ಲಿ ಮೇಡಂ ಕೀಪರನ್ನು ಬದಲಿಸುವ ಪ್ರಶ್ನೆಯೇ ಇಲ್ಲ. ಅತ್ತೆ ಆಗಲೇ ಕಪ್ಪುಗಳನ್ನು ಒಳಗೆ ತೆಗೆದುಕೊಂಡು ಹೋಗಲು ಶುರುಮಾಡಿದ್ದರು, ಬೇಕೆಂದೇ ಸದ್ದು ಮಾಡುತ್ತ. ಆಗ ಅಂಪೈರು ನಮ್ಮವರ ವಿರುದ್ಧ ಒಂದು ತಪ್ಪು ಕೊಟ್ಟರು. ಕೋಟೆಗೆ ಅದು ಸರಿ ಕಾಣಲಿಲ್ಲ. ಜೀವಮಾನದಲ್ಲಿ ಯಾರಿಗೂ ಎದುರಾಡದ ಹುಡುಗಿ, ಕಾಲಬುಡದಲ್ಲಿದ್ದ ಚೆಂಡನ್ನು ಸಿಟ್ಟಿನಿಂದ ಒದ್ದಳು. ಅದು ಹೋಗಿ ಮೈದಾನದ ಹೊರಗೆ ಚುರುಮುರಿ ಕಾಗದ ಗುಡಿಸುತ್ತಿದ್ದವರ ಬುಟ್ಟಿಯಲ್ಲಿ ಬಿತ್ತು. ಅಂಪೈರು ಹಳದಿ ಕಾರ್ಡು ಎತ್ತಿದರು. ಹಳದಿಯೆಂದರೆ ಕೆಲವು ನಿಮಿಷ ಹೊರಗೆ, ಪಂದ್ಯದಲ್ಲಿ ಉಳಿದಿದ್ದದ್ದೂ ಅಷ್ಟೇ, ಹಾಗಾಗಿ ಮುಗಿಯುವವರೆಗೆ ಕೋಟೆ ಹೊರಗೆ. ತಂಡದಲ್ಲಿ ಒಬ್ಬರು ಕಡಿಮೆ, ಗೋಲಿಗೆ ಬೇರೆ ಕೀಪರು.

ಬೇರೆ ಕೀಪರು ಎಂದರೆ ಇನ್ಯಾರು?

ಅತ್ತೆ ಕಪ್ಪುಗಳ ಸಮೇತ ಓಡಿಬಂದು ನೆಲದ ಮೇಲೇ ಕೂತುಬಿಟ್ಟರು. ಅಷ್ಟು ದಿನ ಮೊಣಕೈಯಾಗಿದ್ದ ಸೊಸೆ ಟಿವಿಯ ತುಂಬ ಬಂದಳು. ದಡದಡ ಓಡಿಹೋಗಿ ಗೋಲುಕಂಬದ ಮಧ್ಯೆ ನಿಂತಳು. ಎರಡೂ ಕಂಬಗಳನ್ನು ಸ್ಟಿಕ್ಕಿನಿಂದ ಮುಟ್ಟಿ ನೋಡಿಕೊಂಡಳು. ಗಂಡ ಕಣ್ಣು ಮುಚ್ಚಿ, ನಿಮಿಷ ಆಯಿತಾ ಎಂದು ಉಸಿರಿಗೊಮ್ಮೆ ಕೇಳತೊಡಗಿದ. ಗೋಡೆಗಡಿಯಾರದ ಮುಳ್ಳು ಕೂಡ ಆ ಹೊತ್ತಿನಲ್ಲಿ ಕಾಲೆಳೆದುಕೊಂಡು ನಡೆಯಿತು. ಚೆಂಡು ಆ ಕಡೆಯ ಅಂಗಳದಲ್ಲೇ ಓಡಾಡಿಕೊಂಡಿತ್ತು. ಕಡೆಗೆ ಅತ್ತೆ ಎರಡೂ ಕೈ ಮೇಲೆತ್ತಿ, "ಆಯ್ತು. ಇನ್ನು ಯಾವನೂ ನಮ್ಮ ಹುಡುಗೀನ ತೆಗೆಯೋ ಹಾಗಿಲ್ಲ" ಎಂದು ತೀರ್ಪು ಕೊಟ್ಟರು.

ಅಲ್ಲಿಗೆ ಆಟ ನಿಂತಿದ್ದರೆ ನಾನು ಇದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಉದ್ದ ಜಡೆಯವಳಿಗೆ ಚೆಂಡು ಸಿಕ್ಕಿತು. ಅವಳು ಇಬ್ಬರನ್ನು ದಾಟಿ, ಗೋಲಿನ ಮುಂದಿನ ಅರ್ಧವೃತ್ತದೊಳಗೆ ನುಗ್ಗಿ, ಸ್ಟಿಕ್ ಹಿಂದಕ್ಕೆತ್ತಿ ಬಾರಿಸಿದಳು. ಚೆಂಡು ಕಣ್ಣಿಗೆ ಕಾಣಲಿಲ್ಲ. ದಿಂಬಕ್ಕ ಕಾಲು ಚಾಚಿದ್ದು ಕಂಡಿತು, ಧಪ್ ಎಂಬ ಸದ್ದು ಕೇಳಿತು. ತಡೆದಳು. ಎಂಥ ತಡೆ ಎಂದರೆ, ಚೆಂಡು ನಾಚಿಕೊಂಡು ಅವಳ ಪಾದದ ಮುಂದೆ ಮಲಗಿತು. ಸುತ್ತ ಯಾರೂ ಇಲ್ಲ. ಅಡ್ಡಕ್ಕೆ ಒದ್ದರೆ ಅಪಾಯ ಕಳೆಯಿತು. ನಮ್ಮ ಕೋಣೆಯಲ್ಲಿ ಚಪ್ಪಾಳೆ ಶುರುವಾಯಿತು.

ದಿಂಬಕ್ಕ ಕಿಕ್ಕರಿನ ಒಳಬದಿಯಿಂದ ಚೆಂಡನ್ನು ನಯವಾಗಿ ನೂಕಿ, ಉದ್ದ ಜಡೆಯವಳ ಸ್ಟಿಕ್ಕಿನ ತುದಿಗೇ ತಲುಪಿಸಿದಳು. ಗೋಲಿನ ಹಿಂದೆ ಇಟ್ಟಿದ್ದ ಮೈಕು ಅವಳ ದನಿಯನ್ನೂ ಹಿಡಿದು ದೇಶಕ್ಕೆಲ್ಲ ಕೇಳಿಸಿತು.

"ಇನ್ನೊಂದು!"

ಉದ್ದ ಜಡೆಯವಳು ಒಂದು ಕ್ಷಣ ಬೆಪ್ಪಾಗಿ ನಿಂತಳು. ಇದರಲ್ಲಿ ಏನೋ ಮೋಸವಿದೆಯೆಂದು ಅವಳಿಗೆ ಅನುಮಾನ ಬಂದಿರಬೇಕು, ಅಂಪೈರಿನ ಮುಖ ಕೂಡ ನೋಡಿದಳು. ಆಮೇಲೆ, ಹಿರಿಯರು ಇಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಬಾರದು ಎಂದುಕೊಂಡವಳ ಹಾಗೆ, ಮೆಲ್ಲಗೆ ಚೆಂಡನ್ನು ಬಲೆಗೆ ಸೇರಿಸಿದಳು. ಎರಡು ಎರಡು.

ನಮ್ಮ ಚಪ್ಪಾಳೆಗಳು ಗಾಳಿಯಲ್ಲೇ ನಿಂತವು. ಗಂಡ ಕಣ್ಣು ಬಿಟ್ಟು, ಏನಾಯಿತು ಎಂದು ಕೇಳಿದ.

"ನಿನ್ನ ಹೆಂಡ್ತಿ ದಾನ ಮಾಡಿದಳು" ಎಂದರು ಅತ್ತೆ.

ಮೈದಾನದಲ್ಲಿ ಆದದ್ದನ್ನು ಆಮೇಲೆ ಹುಡುಗಿಯರು ಹೇಳಿದರು. ಒಬ್ಬರೂ ಅವಳಿಗೆ ಬೈಯಲಿಲ್ಲವಂತೆ, ಯಾಕೆಂದರೆ ಆ ಅಭ್ಯಾಸ ಮಾಡಿಸಿದವರು ತಾವೇ ಎಂದು ಎಲ್ಲರಿಗೂ ಗೊತ್ತಿತ್ತು. ಮೇಡಂ ಮಾತ್ರ ಅಂದಿನ ಪಾಲಿನ ಮಾತಷ್ಟನ್ನೂ ಒಂದೇ ಸಲ ಆಕಾಶಕ್ಕೆ ಹೇಳಿದರಂತೆ. ದಿಂಬಕ್ಕ ಹೆಲ್ಮೆಟ್ಟಿನ ಪಂಜರದೊಳಗೆ ಒಂದೇ ಸಂಕಲ್ಪ ಮಾಡಿಕೊಂಡಳು. ಇನ್ನು ಚೆಂಡು ಬಂದರೆ ಯಾರಿಗೂ ಕೊಡುವುದಿಲ್ಲ.

ಚೆಂಡು ಬಂತು. ಪಂದ್ಯ ಮುಗಿಯಲು ಇನ್ನೇನು ಕೊಂಚವೇ ಉಳಿದಿದೆ ಎನ್ನುವಾಗ ಮತ್ತೆ ಕೆಂಪಿನವರು ನುಗ್ಗಿದರು, ಮತ್ತೆ ಹೊಡೆದರು, ಮತ್ತೆ ದಿಂಬಕ್ಕ ತಡೆದಳು. ಈ ಸಲ ಅವಳು ಚೆಂಡನ್ನು ನೂಕಲಿಲ್ಲ. ಒದೆಯಲೂ ಇಲ್ಲ. ಅದರ ಮೇಲೆ ಮಲಗಿಬಿಟ್ಟಳು. ಇಡೀ ದಿಂಬಿನ ರಾಶಿ ಚೆಂಡಿನ ಮೇಲೆ ಕವುಚಿಕೊಂಡಿತು. ಎರಡೂ ತಂಡದವರು ಸುತ್ತ ನಿಂತು ಬಗ್ಗಿ ನೋಡಿದರು. ಚೆಂಡಿನ ಸುಳಿವಿಲ್ಲ. ಒಬ್ಬಳು ಸ್ಟಿಕ್ಕಿನಿಂದ ಮೆಲ್ಲಗೆ ತಿವಿದು ನೋಡಿದಳು. ದಿಂಬಕ್ಕ ಕೂಸನ್ನು ಅಪ್ಪಿದ ತಾಯಿಯ ಹಾಗೆ ಇನ್ನಷ್ಟು ಒತ್ತಿಕೊಂಡಳು.

ಅಂಪೈರು ಉದ್ದಕ್ಕೆ ಶಿಳ್ಳೆ ಊದಿದರು. ಕೀಪರು ಚೆಂಡಿನ ಮೇಲೆ ಮಲಗಿ ಬಚ್ಚಿಡುವುದು ದೊಡ್ಡ ತಪ್ಪು. ಅದಕ್ಕೆ ಶಿಕ್ಷೆ ಪೆನಾಲ್ಟಿ ಸ್ಟ್ರೋಕು: ನಡುವೆ ಯಾರೂ ಅಡ್ಡವಿಲ್ಲದೆ, ಗೋಲಿಗೆ ಕೆಲವೇ ಹೆಜ್ಜೆ ದೂರದಿಂದ, ಎದುರಾಳಿ ಒಬ್ಬಳೇ ಹೊಡೆಯುವುದು, ಕೀಪರು ಒಬ್ಬಳೇ ತಡೆಯುವುದು.

ಅತ್ತೆಗೆ ರೋಷ ಉಕ್ಕಿತು. "ಕೊಟ್ರೂ ತಪ್ಪು, ಇಟ್ಕೊಂಡ್ರೂ ತಪ್ಪಾ? ಇದೆಂಥಾ ಆಟ ಇದು? ಅವಳು ಏನ್ ಮಾಡ್ಬೇಕು ಅಂತ ಹೇಳ್ಬಿಡ್ಲಿ ಆ ಶಿಳ್ಳೆಯವರು."

ಗಂಡ ಈ ಸಲ ಕಣ್ಣು ಮುಚ್ಚಿದ್ದಷ್ಟೇ ಅಲ್ಲ, ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ದಿಂಬಕ್ಕ ಗೆರೆಯ ಮೇಲೆ ನಿಂತಳು. ಅವಳ ನಿಮಿಷ ಅವಳ ಕೈ ಸೇರಿಯಾಗಿತ್ತು, ಅದನ್ನು ಯಾರೂ ಕಸಿಯುವಂತಿರಲಿಲ್ಲ. ಆದರೆ ಈ ಚೆಂಡು ಒಳಹೋದರೆ ಇಡೀ ತಂಡದ ಸೀಸನ್ ಅವಳ ಆ ಒಂದು ನಿಮಿಷದ ಬೆಲೆಯಾಗುತ್ತದೆ. ಹಾಗಾದ ಮೇಲೆ ಮುಂದಿನ ವರ್ಷ ಉಳಿಸಿಕೊಳ್ಳಬಹುದು ಎಂದು ನಿಯಮ ಹೇಳಿದರೂ ಉಳಿಸಿಕೊಳ್ಳುವ ಮನಸ್ಸು ಯಾರಿಗಿರುತ್ತದೆ? ಅದನ್ನೆಲ್ಲ ಅವಳು ಆ ಹೊತ್ತಿನಲ್ಲಿ ಯೋಚಿಸಿದಳೋ ಇಲ್ಲವೋ, ಅತ್ತೆಯಂತೂ ಯೋಚಿಸಿ ನಮಗೆ ಗಟ್ಟಿಯಾಗಿ ಹೇಳಿದರು.

ಉದ್ದ ಜಡೆಯವಳು ಚೆಂಡಿನ ಹಿಂದೆ ಬಂದು ನಿಂತಳು. ಅವಳ ಕೈ ಸ್ವಲ್ಪ ನಡುಗುತ್ತಿದ್ದುದನ್ನು ದಿಂಬಕ್ಕ ಕಂಡಳು. ಸ್ಟೇರಿಂಗ್ ಹಿಡಿದ ಎಷ್ಟೋ ನಡುಗುವ ಕೈಗಳನ್ನು ನೋಡಿದ ಕಣ್ಣು ಅದು. ಬಾಯಿ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತು.

"ಗಾಬರಿ ಬೇಡ ಮರಿ. ನಿಧಾನಕ್ಕೆ ಹೊಡಿ."

ಮೈಕು ಇದನ್ನೂ ಹಿಡಿಯಿತು. ಉದ್ದ ಜಡೆಯವಳ ತುಟಿ ಅದುರಿತು. ಅವಳು ತುಟಿ ಕಚ್ಚಿ ಹಿಡಿದಳು. ಕೆನ್ನೆ ಉಬ್ಬಿತು. ತನಗೆ ಗೋಲನ್ನು ಕೈಯಾರೆ ಕೊಟ್ಟು, ಆಮೇಲೆ ಚೆಂಡಿನ ಮೇಲೆ ಮಲಗಿ, ಈಗ ಸಮಾಧಾನ ಹೇಳುತ್ತಿರುವ ಆ ಪಂಜರದ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಶಿಳ್ಳೆ ಆಗಿಹೋಗಿತ್ತು, ಹೊಡೆಯಲೇಬೇಕು. ಸ್ಟಿಕ್ ಚೆಂಡಿಗೆ ತಾಗುವ ಗಳಿಗೆಗೇ ಅವಳ ನಗು ಕಟ್ಟೆಯೊಡೆಯಿತು. ಚೆಂಡು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೇರ ಬಂದು ದಿಂಬಕ್ಕನ ಹೊಟ್ಟೆಯ ಮೇಲಿನ ಪಟ್ಟಿಗೆ ಬಡಿದು, ಹಾಸಿಗೆಗೆ ಬಿದ್ದ ನಿಂಬೆಹಣ್ಣಿನಂತೆ ಸದ್ದಿಲ್ಲದೆ ಕೆಳಗೆ ಜಾರಿತು.

ಪೆನಾಲ್ಟಿ ಸ್ಟ್ರೋಕಿನಲ್ಲಿ ಕೀಪರು ತಡೆದರೆ ಅಲ್ಲಿಗೆ ಮುಗಿಯಿತು. ಆಮೇಲೆ ಚೆಂಡನ್ನು ಯಾರಿಗೆ ಕೊಡಬೇಕೆಂಬ ತಲೆನೋವು ಇಲ್ಲ. ಹಾಕಿ ಕಂಡುಹಿಡಿದವರು ಅದೊಂದನ್ನು ದಿಂಬಕ್ಕನಿಗಾಗಿಯೇ ಬರೆದಿಟ್ಟಿದ್ದರು.

ಉಳಿದ ಗಳಿಗೆಯೂ ಕಳೆದು ಕೊನೆಯ ಶಿಳ್ಳೆ ಬಿತ್ತು. ಸಮಬಲ. ನಮ್ಮ ಕಟ್ಟಡದಲ್ಲಿ ಎದ್ದ ಕೂಗಿಗೆ ಎರಡು ಬೀದಿಯಾಚೆ ನಿಂತಿದ್ದ ಕಾರುಗಳ ಅಲಾರಮ್ಮುಗಳು ಹೊಡೆದುಕೊಂಡವು. ಅಡುಗೆಮನೆಯ ಬಾಗಿಲನ್ನು ಹೊರಗಿನಿಂದ ಬಡಿದು ಬಡಿದು ಗಂಡನಿಗೆ ವಿಷಯ ತಿಳಿಸಬೇಕಾಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗಿಯರು ಅವಳನ್ನು ಎತ್ತಿ ಕುಣಿಸಲು ನೋಡಿದರಂತೆ. ಕವಚದ ಭಾರಕ್ಕೆ ಆಗದೆ, ಸುತ್ತ ನಿಂತು ತಾವೇ ಕುಣಿದರಂತೆ. ಕೋಟೆ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಳಂತೆ. ಕೋಚ್ ಮೇಡಂ ಬಂದು ಮುಂದೆ ನಿಂತರು.

"ನಿಮಿಷ ಆಯ್ತಲ್ಲ?"

"ಆಯ್ತು ಮೇಡಂ."

"ಸಾಕು" ಎಂದು ಹೋದರು.

ಮರುದಿನದ ಪತ್ರಿಕೆಗಳಲ್ಲಿ ಎರಡು ಸುದ್ದಿಗಳಿದ್ದವು. ಪೆನಾಲ್ಟಿ ತಡೆದ ಸುದ್ದಿಯಲ್ಲಿ ಕೋಟೆಯ ಪಟ ಬಂದಿತ್ತು, ಹೆಲ್ಮೆಟ್ಟಿನೊಳಗೆ ಯಾರಿದ್ದರೂ ಒಂದೇ ಥರ ಕಾಣುತ್ತಾರಲ್ಲ. ಚೆಂಡನ್ನು ದಾನ ಕೊಟ್ಟ ಸುದ್ದಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಅಲ್ಲಿ ದಿಂಬಕ್ಕನದೇ ಪಟ, ಅವಳದೇ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. "ಇನ್ನೊಂದು!" ಎನ್ನುವ ಆ ತುಣುಕನ್ನು ಫೋನುಗಳಲ್ಲಿ ನೋಡದವರು ಇರಲಿಲ್ಲ. ಅಣ್ಣನ ಡ್ರೈವಿಂಗ್ ಶಾಲೆಗೆ ಕಲಿಯುವವರ ಸಾಲು ಹತ್ತಿತು. ಇಷ್ಟು ಮೆದು ಮನಸ್ಸಿನ ಟೀಚರು ಲೈಸೆನ್ಸನ್ನೂ ಹೀಗೇ ಕೊಡಬಹುದು ಎಂದು ಅವರ ಲೆಕ್ಕ.

ನಾಲ್ಕರ ಘಟ್ಟದಲ್ಲಿ ಕೋಟೆ ಮರಳಿ ಬಂದು ನಿಂತಳು, ತಂಡ ಐದು ಗೋಲಿನಿಂದ ಸೋತಿತು. ದಿಂಬಕ್ಕ ಬೆಂಚಿನಲ್ಲಿದ್ದಳು. ಮುಂದಿನ ಸೀಸನ್ನಿಗೆ ಉಳಿಸಿಕೊಂಡವರ ಪೈಕಿ ಅವಳ ಹೆಸರೂ ಬಂತು.

ಕತೆ ಇಷ್ಟಕ್ಕೇ ಮುಗಿಯಬೇಕಾದದ್ದು. ಆದರೆ ಒಂದು ಮಧ್ಯಾಹ್ನ ರಾಷ್ಟ್ರೀಯ ತಂಡದ ತರಬೇತಿ ಶಿಬಿರದಿಂದ ಫೋನು ಬಂತು. ವ್ಯವಸ್ಥಾಪಕರು ಬಹಳ ವಿನಯದಿಂದ ಮಾತಾಡಿದರು. ಅವರೂ ಆ ತುಣುಕು ನೋಡಿದ್ದರು. ಅದರಲ್ಲಿ ಉಳಿದವರಿಗೆ ಕಾಣದ್ದು ಅವರಿಗೆ ಕಂಡಿತ್ತು: ಚೆಂಡನ್ನು ಅಷ್ಟು ಕರಾರುವಾಕ್ಕಾಗಿ ಸ್ಟಿಕ್ಕಿನ ತುದಿಗೆ ಹಿಂತಿರುಗಿಸುವ ಕೀಪರು ದೇಶದಲ್ಲೇ ಇನ್ನೊಬ್ಬರಿಲ್ಲ. ಶಿಬಿರಕ್ಕೆ ಅಭ್ಯಾಸದ ಗೋಲ್‌ಕೀಪರ್ ಆಗಿ ಬನ್ನಿ, ರಾಷ್ಟ್ರೀಯ ತಂಡದ ಅಂಗಿ ಕೊಡುತ್ತೇವೆ, ಇರಲು ಒಳ್ಳೆಯ ಕೋಣೆ ಕೊಡುತ್ತೇವೆ, ಕ್ಲಬ್ಬನ್ನು ಮಾತ್ರ ಬಿಡಬೇಕಾಗುತ್ತದೆ ಎಂದರು. ಅತ್ತೆ ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳಿದವರು, ಕೊನೆಯ ಮಾತಿಗೆ ಕಾಯದೆ ಹೋಗಿ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಸಾರಿಬಿಟ್ಟರು.

ದಿಂಬಕ್ಕ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಪಂದ್ಯದ ದಿನ ನಾನು ಎಲ್ಲಿ ಕೂತ್ಕೋಬೇಕು ಸರ್?"

"ಪಂದ್ಯದ ದಿನ ನಿಮಗೆ ರಜಾ ಮೇಡಂ. ಆರಾಮಾಗಿ ಮನೇಲಿರಬಹುದು."

ಅವಳು ಬಹಳ ಸಂಕೋಚದಿಂದ, ತಪ್ಪು ತಿಳಿಯಬೇಡಿ ಎಂದು ಎರಡು ಮೂರು ಸಲ ಹೇಳಿ, ಬೇಡವೆಂದಳು. ಮೆಟ್ಟಿಲು ಹತ್ತಿ ವಾಪಸು ಬಂದ ಅತ್ತೆ ಬಾಗಿಲಲ್ಲೇ ನಿಂತರು.

"ಬೇಡ ಅಂದ್ಯಾ? ದೇಶದ ಅಂಗಿ ಕಣೇ. ಹಾಕ್ಕೊಂಡು ಒಂದ್ಸಲ ಈ ಬೀದೀಲಿ ಓಡಾಡಿದ್ರೆ ಸಾಕಿತ್ತು ನನಗೆ."

"ಅತ್ತೆ, ಬೆಂಚಿನ ಮೇಲೆ ಕೂತವಳನ್ನ ಯಾವತ್ತಾದ್ರೂ ಕರೀಬಹುದು. ರಜಾ ಹಾಕಿ ಮನೇಲಿ ಕೂತವಳನ್ನ ಕರೆಯೋರು ಯಾರು?"

ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ಮೆಟ್ಟಿಲಿಳಿದರು, ಸಾರಿದ್ದನ್ನು ವಾಪಸು ಪಡೆಯಬೇಕಿತ್ತಲ್ಲ. ಮೊದಲನೇ ಮಹಡಿಯಲ್ಲಿ, ನಮ್ಮ ಸೊಸೆಯೇ ಬೇಡ ಅಂದಳು ಎಂದು ಹೇಳಿದರು. ನೆಲಮಹಡಿಗೆ ಬರುವಷ್ಟರಲ್ಲಿ, ಅವರು ಎಷ್ಟು ಗೋಗರೆದರೂ ನಮ್ಮ ಸೊಸೆ ಒಪ್ಪಲಿಲ್ಲ ಎಂದಾಯಿತು. ಮೂಲೆಯ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವಾಗ, ದೇಶದ ತಂಡದವರು ಖುದ್ದಾಗಿ ಬಂದು ಬಾಗಿಲಲ್ಲಿ ಕಾದು ನಿಂತಿದ್ದರು, ನಮ್ಮ ಕ್ಲಬ್ಬಿನವರು ನಮ್ಮ ಹುಡುಗಿಯನ್ನು ಬಿಟ್ಟುಕೊಡಲಿಲ್ಲ, ಇವಳಿಲ್ಲದೆ ಅವರು ಆಡುವುದಾದರೂ ಹೇಗೆ, ಎಂದು ಅಂಗಡಿಯವರನ್ನೇ ತಿರುಗಿ ಕೇಳಿದರು.

ಅಂಗಡಿಯವರು ಅದೂ ನಿಜವೇ ಎಂದು ಒಪ್ಪಿಕೊಂಡು ಚಿಲ್ಲರೆ ಕೊಟ್ಟರು.